ಬೀಗ ಹಾಕದ ಕೈತೋಟ

ಸಾರ್ವಜನಿಕ ಜಾಗದಲ್ಲಿ ಕೈತೋಟ ಮಾಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ಬೀಜದ ವಿಚಾರ ಮಾತಾಡುತ್ತಾರೆ, ಆಮೇಲೆ ಗೊಬ್ಬರ, ಆಮೇಲೆ ನೀರು. ಜಾಗ ಯಾರದು, ಅಲ್ಲಿ ಬೆಳೆದದ್ದು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಮೊದಲ ಬದನೆಕಾಯಿ ಬಿಡುವವರೆಗೂ ಯಾರ ಬಾಯಿಗೂ ಬರುವುದಿಲ್ಲ. ಬಂದಾಗ ಜಗಳವಾಗಿಯೇ ಬರುತ್ತದೆ. ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಬಡಾವಣೆಯಲ್ಲಿ ಪಾರ್ಕಿನ ಹಿಂಬದಿಯ ಪಾಳು ಮೂಲೆಯೊಂದನ್ನು ತರಕಾರಿ ತೋಟ ಮಾಡಿದ ಗುಂಪಿನಲ್ಲಿ ನಾನೂ ಒಬ್ಬಳು. ಈ ಕೆಲಸದಿಂದ ನನ್ನಲ್ಲಿ ಗಟ್ಟಿಯಾದ ನಂಬಿಕೆಯೆಂದರೆ, ಇಂಥ ತೋಟ ನಿಲ್ಲುವುದು ಅಲ್ಲಿ ದುಡಿಯುವವರ ಉತ್ಸಾಹದ ಮೇಲಲ್ಲ, ಅಲ್ಲಿ ಎಂದೂ ಗುದ್ದಲಿ ಹಿಡಿಯದ ನೆರೆಹೊರೆಯವರ ಒಪ್ಪಿಗೆಯ ಮೇಲೆ.

ಖಾಲಿ ಜಾಗ ಕಂಡ ಮಾತ್ರಕ್ಕೆ ಅದು ತೋಟಕ್ಕೆ ಒದಗುವುದಿಲ್ಲ. ಬಡಾವಣೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡು ಕುಳಿತರೆ, ನಾವು 'ಸರ್ಕಾರಿ ಜಾಗ' ಎಂದು ಒಂದೇ ಮಾತಿನಲ್ಲಿ ಕರೆಯುವುದರೊಳಗೆ ಎಷ್ಟು ಬಗೆಯಿದೆ ಎಂಬುದು ತಿಳಿಯುತ್ತದೆ. ನಮ್ಮ ಕಣ್ಣು ಮೊದಲು ಬಿದ್ದದ್ದು ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದು ನಿಂತಿದ್ದ ಒಂದು ಸಿಎ ಸೈಟಿನ, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ನಿವೇಶನದ ಮೇಲೆ. ಆದರೆ ಸಿಎ ಸೈಟುಗಳನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಶಾಲೆಗೋ, ಆಸ್ಪತ್ರೆಗೋ, ಸಂಘ ಸಂಸ್ಥೆಗೋ 30 ವರ್ಷಗಳ ಗುತ್ತಿಗೆಗೆ ಕೊಡಬಹುದು. ಹಾಗೆ ಕೊಟ್ಟ ದಿನ ತೋಟ ತೆರವಾಗಬೇಕು, ಮತ್ತು ಆ ಶಾಲೆ ಅಥವಾ ಆಸ್ಪತ್ರೆಗೆ ನಾವು ಅಡ್ಡ ನಿಲ್ಲುವುದು ಸರಿಯೂ ಅಲ್ಲ. ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಯಲ್ಲಿ ಎತ್ತರದ ಗಿಡ ಹಾಕುವಂತಿಲ್ಲ. ರಾಜಕಾಲುವೆಯ ಅಂಚಿನ ಮಣ್ಣಿನಲ್ಲಿ ಏನೇನು ಸೇರಿದೆಯೋ ಹೇಳಲಾಗದು, ಅಲ್ಲಿ ತಿನ್ನುವ ವಸ್ತು ಬೆಳೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊನೆಗೆ ಉಳಿದದ್ದು ಬಿಡಿಎಯಿಂದ ಪಾಲಿಕೆಗೆ ಹಸ್ತಾಂತರವಾಗಿದ್ದ ಪಾರ್ಕಿನ ಹಿಂಬದಿ. ನಡಿಗೆಯವರೂ ಹೋಗದ, ಯಾರೋ ಮನೆ ಒಡೆದ ಅವಶೇಷ ತಂದು ಸುರಿದಿದ್ದ ಮೂಲೆ ಅದು.

ಅಲ್ಲಿಯೇ ಮೊದಲ ವಿರೋಧವೂ ಬಂತು, ಮತ್ತು ಅದು ಬಂದದ್ದು ಕಾನೂನು ಚೆನ್ನಾಗಿ ಬಲ್ಲ ಹಿರಿಯರೊಬ್ಬರಿಂದ. ನಿವಾಸಿಗಳ ಸಂಘದ ಸಭೆಯಲ್ಲಿ ಅವರು ಎದ್ದು ನಿಂತು, "ನೋಡಮ್ಮ, ಪಾರ್ಕ್ ಅಂದ್ರೆ ಪಾರ್ಕ್. ಇವತ್ತು ನೀವು ಸೊಪ್ಪು ಬೆಳೀತೀರಿ, ನಾಳೆ ಇನ್ನೊಬ್ಬರು ಗುಡಿ ಕಟ್ತೀವಿ ಅಂತಾರೆ, ನಾಡಿದ್ದು ಮತ್ತೊಬ್ಬರು ಆಫೀಸು ಅಂತಾರೆ. ಯಾರಿಗೆ ಬೇಡ ಅನ್ನೋಕಾಗುತ್ತೆ?" ಎಂದು ಕೇಳಿದರು. ಸಭೆಯಲ್ಲಿ ಕೆಲವರಿಗೆ ಇದು ಕಿರಿಕಿರಿ ಎನಿಸಿತು. ನನಗೆ ಹಾಗನ್ನಿಸಲಿಲ್ಲ, ಏಕೆಂದರೆ ಈ ನಗರದಲ್ಲಿ ಪಾರ್ಕುಗಳು ಉಳಿದಿದ್ದರೆ ಇಂಥವರು ಎದ್ದು ನಿಂತದ್ದರಿಂದಲೇ ಉಳಿದಿವೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ನಿಂತಿತು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದ ಅಲ್ಲಿ ನಡೆಯಲಿಲ್ಲ. ಎಲ್ಲರಿಗೂ ತೆರೆದಿರಬೇಕಾದ ಬಯಲನ್ನು ಒಬ್ಬರ ಕೈಗೆ ಕೊಡುವುದು ಬೇರೆಯೇ ಮಾತು ಎಂಬುದು ಗಟ್ಟಿಯಾಯಿತು. ಅದಕ್ಕೂ ಮೊದಲೇ ಬಂದಿದ್ದ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯಿದೆಯ ಆಶಯವೂ ಇದೇ.

ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನಗೆ ನೆನಪಾದದ್ದು ನಮ್ಮ ಹಳ್ಳಿಗಳ ಗುಂಡುತೋಪು. ಹಳೇ ಮೈಸೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ: ಊರಾಚೆ ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಗಳ ತೋಪು, ಕಂದಾಯದ ದಾಖಲೆಯಲ್ಲಿ ಯಾರ ಹೆಸರಿಗೂ ಇಲ್ಲದ, ಆದರೆ ಊರಿನ ಎಲ್ಲರ ಬಾಯಲ್ಲೂ ಇರುವ ಜಾಗ. ದಾರಿಹೋಕರಿಗೆ ನೆರಳು, ದನಕರುಗಳಿಗೆ ತಂಪು, ಮಕ್ಕಳಿಗೆ ಉದುರಿದ ನೇರಳೆ ಹಣ್ಣು. ಫಸಲನ್ನು ಹರಾಜು ಹಾಕಿದರೆ ಬಂದ ಹಣ ಊರಿನ ಲೆಕ್ಕಕ್ಕೆ ಹೋಗುತ್ತಿತ್ತು, ನೀರೆರೆದವನ ಜೇಬಿಗಲ್ಲ. ತಿನ್ನುವ ವಸ್ತು ಬೆಳೆಯುವುದರಿಂದ ಒಂದು ಜಾಗ ಖಾಸಗಿಯಾಗಿಬಿಡುವುದಿಲ್ಲ ಎಂಬುದಕ್ಕೆ ಗುಂಡುತೋಪಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಜೊತೆಗೆ, ಯಾರದೂ ಅಲ್ಲದ ಜಾಗ ಕ್ರಮೇಣ ಯಾರದೋ ಆಗಿಬಿಡುತ್ತದೆ ಎಂಬುದಕ್ಕೂ ಅದೇ ಸಾಕ್ಷಿ, ಏಕೆಂದರೆ ಇವತ್ತು ಎಷ್ಟೋ ತೋಪುಗಳು ಒತ್ತುವರಿಯಾಗಿ ಹೆಸರಿನಲ್ಲಷ್ಟೇ ಉಳಿದಿವೆ.

ಹೀಗಾಗಿ ನಾವು ಕೊಟ್ಟ ಅರ್ಜಿಯಲ್ಲಿ ಏನು ಮಾಡುತ್ತೇವೆ ಎನ್ನುವುದಕ್ಕಿಂತ ಏನು ಮಾಡುವುದಿಲ್ಲ ಎನ್ನುವುದೇ ಹೆಚ್ಚಿತ್ತು. ಗೋಡೆ ಕಟ್ಟುವುದಿಲ್ಲ, ಶೆಡ್ ಹಾಕುವುದಿಲ್ಲ, ಮನೆಗೊಂದು ಪಾತಿ ಎಂದು ಹಂಚಿಕೊಳ್ಳುವುದಿಲ್ಲ, ಬೆಳೆದದ್ದನ್ನು ಮಾರುವುದಿಲ್ಲ, ಇರುವ ಮರ ಕಡಿಯುವುದಿಲ್ಲ, ಪಾರ್ಕು ತೆರೆದಿರುವಷ್ಟು ಹೊತ್ತೂ ತೋಟ ತೆರೆದಿರುತ್ತದೆ. ಆಗಿನ್ನೂ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಇತ್ತು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹಿಡಿದ ಕಾಲವನ್ನು ಬೆಂಗಳೂರಿನಲ್ಲಿ ಇದ್ದವರು ಊಹಿಸಿಕೊಳ್ಳಬಲ್ಲರು, ಅದನ್ನು ಬೆಳೆಸುವುದಿಲ್ಲ. ಒಂದು ಮಾತು ಮಾತ್ರ ಹೇಳಬೇಕು. ಪರಿಚಯದವರ ಮೂಲಕ "ನೀವು ಶುರು ಮಾಡಿ, ಯಾರೂ ಕೇಳಲ್ಲ" ಎಂಬ ಬಾಯಿಮಾತಿನ ಅಭಯ ನಮಗೆ ಬಹಳ ಬೇಗ ಸಿಕ್ಕಿತ್ತು. ಅದನ್ನು ಬಿಟ್ಟು ಕಾಗದಕ್ಕೆ ಕಾದದ್ದು ನಾವು ಮಾಡಿದ ಅತ್ಯುತ್ತಮ ಕೆಲಸ. ಬಾಯಿಮಾತಿನ ಅನುಮತಿ ಅದನ್ನು ಕೊಟ್ಟವರ ವರ್ಗಾವಣೆಯೊಂದಿಗೇ ಹೊರಟುಹೋಗುತ್ತದೆ.

ಕಾಗದ ಬಂದ ಮೇಲೆ ಮಣ್ಣು. ಬೆಂಗಳೂರಿನ ಕೆಂಪು ಮಣ್ಣು ತನ್ನಷ್ಟಕ್ಕೆ ಒಳ್ಳೆಯ ಮಣ್ಣೇ, ಆದರೆ ನಮ್ಮ ಮೂಲೆಯಲ್ಲಿ ಅದು ಕಾಣಬೇಕಾದರೆ ಮೇಲಿನ ಒಂದೂವರೆ ಅಡಿ ತೆಗೆಯಬೇಕಿತ್ತು. ಪಿಕಾಸಿ ಹಾಕಿದಲ್ಲೆಲ್ಲ ಇಟ್ಟಿಗೆ ಚೂರು, ಟೈಲ್ಸ್ ತುಂಡು, ಜಲ್ಲಿ, ಗಟ್ಟಿಯಾದ ಸಿಮೆಂಟ್ ಮೂಟೆಗಳು, ಎಳೆದಷ್ಟೂ ಬರುವ ಪ್ಲಾಸ್ಟಿಕ್. ಒಂದಷ್ಟು ದಿನ ನಮ್ಮ ಕೆಲಸವೆಲ್ಲ ಜರಡಿ ಹಿಡಿಯುವುದೇ ಆಗಿತ್ತು. ಇಂಥ ಜಾಗದಲ್ಲಿ ಪರೀಕ್ಷೆ ಮಾಡಿಸದೆ ತರಕಾರಿ ಹಾಕುವುದು ತಪ್ಪು. ಮಾದರಿ ತೆಗೆಯುವುದಕ್ಕೂ ಒಂದು ಕ್ರಮವಿದೆ: ಮೇಲಿನ ಕಸಕಡ್ಡಿ ಸರಿಸಿ, ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಗುಂಡಿ ತೆಗೆದು, ಗುಂಡಿಯ ಒಂದು ಬದಿಯಿಂದ ಮೇಲಿನಿಂದ ತಳದವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಬೇಕು. ಹೀಗೆ ಅಂಕುಡೊಂಕಾಗಿ ನಡೆಯುತ್ತಾ ಹಲವು ಕಡೆ ತೆಗೆದದ್ದನ್ನು ಗೋಣಿತಾಟಿನ ಮೇಲೆ ಹರಡಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎತ್ತಿ ಹಾಕಿ, ಉಳಿದದ್ದನ್ನು ಮತ್ತೆ ಬೆರೆಸಿ ಮತ್ತೆ ನಾಲ್ಕು ಪಾಲು ಮಾಡುತ್ತಾ ಅರ್ಧ ಕಿಲೋಗೆ ಇಳಿಸಬೇಕು. ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ ಪರೀಕ್ಷೆಗೆ ಕೊಟ್ಟೆವು.

ಫಲಿತಾಂಶದಲ್ಲಿ ರಸಸಾರ (ಪಿಎಚ್) 8ನ್ನು ದಾಟಿತ್ತು. ಸಿಮೆಂಟು ಮತ್ತು ಸುಣ್ಣದ ಅವಶೇಷ ಮಣ್ಣನ್ನು ಕ್ಷಾರವಾಗಿಸುತ್ತದೆ. ಆಗ ಕಬ್ಬಿಣ, ಸತುವು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ, ಎಳೆ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಸೀಸದ ಪರೀಕ್ಷೆ ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಸೀಸ ಬೆರೆತ ಪೆಟ್ರೋಲು ಭಾರತದಲ್ಲಿ 2000ನೇ ಇಸವಿಯಲ್ಲಿ ನಿಂತುಹೋಯಿತಾದರೂ ಮಣ್ಣಿಗೆ ಇಳಿದ ಸೀಸ ಕರಗಿ ಹೋಗುವಂಥದ್ದಲ್ಲ, ಹಳೆಯ ಮನೆಗಳ ಬಣ್ಣದ ಚಕ್ಕೆಯೂ ಜೊತೆಗೆ ಸೇರಿರುತ್ತದೆ. ನಮ್ಮಲ್ಲಿ ಆತಂಕಪಡುವಷ್ಟು ಇರಲಿಲ್ಲ. ಆದರೂ ರಸ್ತೆಯ ಬದಿಯ ಪಟ್ಟಿಯಲ್ಲಿ ಸೊಪ್ಪಾಗಲಿ ಗೆಡ್ಡೆಯಾಗಲಿ ಬೇಡವೆಂದು ತೀರ್ಮಾನಿಸಿದೆವು, ಏಕೆಂದರೆ ಹಣ್ಣುಗಾಯಿಗಳಿಗಿಂತ ಎಲೆ ಮತ್ತು ಬೇರುಗಳಲ್ಲೇ ಇಂಥ ವಿಷ ಹೆಚ್ಚು ಸೇರುತ್ತದೆ, ರಸ್ತೆಯ ಧೂಳೂ ಸೊಪ್ಪಿನ ಮೇಲೆಯೇ ಕೂರುತ್ತದೆ.

ಮೊದಲ ಹಂಗಾಮಿಗೆ ತಿನ್ನುವ ಬೆಳೆ ಹಾಕದೆ ಅಪ್ಸೆಣಬು ಮತ್ತು ಹುರುಳಿಯನ್ನು ಒತ್ತಾಗಿ ಚೆಲ್ಲಿ, ಹೂ ಕಚ್ಚುವ ಹೊತ್ತಿಗೆ ಕಡಿದು ಅಲ್ಲೇ ಮಣ್ಣಿಗೆ ಸೇರಿಸಿದೆವು. ಇದನ್ನು ಒಪ್ಪಿಸುವುದು ಕಷ್ಟವಾಯಿತು. ಬಡಾವಣೆಯ ಮಂದಿ ಟೊಮೆಟೊ ನೋಡಲು ಬಂದು ಹಳದಿ ಹೂವಿನ ಸೆಣಬು ನೋಡಿ ಹೋದರು. ಆಮೇಲೆ ನೆಲದಿಂದ ಒಂದಡಿ ಎತ್ತರಕ್ಕೆ ಏರುಮಡಿ ಮಾಡಿ, ಪಾರ್ಕಿನ ತರಗೆಲೆಯ ಗೊಬ್ಬರ ತುಂಬಿದೆವು. ಅಲ್ಲಿಯವರೆಗೆ ಗುಡಿಸಿದ ಎಲೆಗೆ ಬೆಂಕಿ ಇಡುವುದೇ ವಾಡಿಕೆಯಾಗಿತ್ತು. ತಂತಿಬಲೆಯನ್ನು ದುಂಡಗೆ ಸುತ್ತಿ ನಿಲ್ಲಿಸಿ, ಎಲೆ ತುಂಬಿ ತುಳಿದು, ನಡುನಡುವೆ ಸಗಣಿ ನೀರು ಚಿಮುಕಿಸಿ, ಒಣಗಲು ಬಿಡದೆ ಇಟ್ಟರೆ ಕೆಲವು ತಿಂಗಳಿಗೆ ಕಪ್ಪಗೆ, ಕಾಡಿನ ನೆಲದ ವಾಸನೆಯ ಗೊಬ್ಬರ ಸಿಗುತ್ತದೆ. ಪಾರ್ಕು ಗುಡಿಸುವ ಹೆಂಗಸರಿಗೆ ಕಸ ಹೊರುವ ದೂರ ಕಡಿಮೆಯಾಯಿತು. ತೋಟದ ಬಗ್ಗೆ ಮೊದಲು ಒಳ್ಳೆಯ ಮಾತಾಡಿದವರು ಅವರೇ.

ನೀರಿನ ವಿಷಯದಲ್ಲಿ ನನ್ನ ನಿಲುವು ಕಠಿಣ. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೆತ್ತಿ ತರುವ ಕಾವೇರಿ ನೀರನ್ನು ಬೆಂಡೆಗಿಡಕ್ಕೆ ಹರಿಸುವ ಹಕ್ಕು ನಗರದ ಯಾವ ತೋಟಕ್ಕೂ ಇಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗಾಗಿ ಜನ ಪರದಾಡಿದಾಗ, ಕುಡಿಯುವ ನೀರನ್ನು ಗಿಡಗಳಿಗೋ ವಾಹನ ತೊಳೆಯುವುದಕ್ಕೋ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಆ ಬೇಸಿಗೆಯಲ್ಲಿ ನಮ್ಮ ಮಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತರಗೆಲೆ ಹೊದಿಸಿ ಖಾಲಿ ಬಿಟ್ಟೆವು, ಮತ್ತು ಅದರ ಬಗ್ಗೆ ನನಗೆ ಬೇಸರವಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ; ಅಂದರೆ ಪಾರ್ಕಿನ ವ್ಯಾಯಾಮ ಮಂಟಪದಂಥ ಮುನ್ನೂರು ಚದರ ಅಡಿಯ ಚಿಕ್ಕ ಛಾವಣಿಯ ಮೇಲೂ ವರ್ಷಕ್ಕೆ ಸುಮಾರು 27 ಸಾವಿರ ಲೀಟರ್ ನೀರು ಬೀಳುತ್ತದೆ. ಅದನ್ನೆಲ್ಲ ಹಿಡಿದಿಡಲು ತೊಟ್ಟಿಯಿಲ್ಲ ಎಂಬುದು ನಿಜವಾದ ತೊಡಕು. ಹಿಡಿದಷ್ಟನ್ನು ಸಸಿಮಡಿಗೆ ಇಟ್ಟುಕೊಂಡು, ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನು ನುಗ್ಗೆ, ಕರಿಬೇವು, ಪಪ್ಪಾಯಿಯ ಬುಡಕ್ಕೆ ಮಾತ್ರ ಕೊಡುತ್ತೇವೆ. ಸೊಪ್ಪಿಗೆ ಆ ನೀರು ತಾಗಿಸುವುದಿಲ್ಲ.

ಬೆಳೆ ಯಾವುದೆಂದು ನಿರ್ಧರಿಸುವಲ್ಲಿ ಪುಸ್ತಕಕ್ಕಿಂತ ಹೆಚ್ಚು ಕಲಿಸಿದವರು ಗೇಟಿನ ಬಳಿ ನಿಂತು ನೋಡುತ್ತಿದ್ದವರು. ಎದುರಿನ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿದ್ದ ಹೆಂಗಸೊಬ್ಬಳು, ನಾವು ಪಾಲಕಿನ ಮಡಿಗೆ ದಿನಕ್ಕೆರಡು ಸಲ ನೀರು ಹಾಕುವುದನ್ನು ಕಂಡು, "ಅಕ್ಕಾರ, ಪುಂಡಿಪಲ್ಯ ಹಾಕ್ರಿ. ಅದಕ್ಕ ಇಷ್ಟ್ ನೀರ ಬೇಕಾಗಂಗಿಲ್ರಿ" ಎಂದಳು. ಮುಂದಿನ ಸಲ ಊರಿಗೆ ಹೋದಾಗ ಸೀರೆಯ ಸೆರಗಿನಲ್ಲಿ ಬೀಜ ಗಂಟು ಹಾಕಿಕೊಂಡು ತಂದುಕೊಟ್ಟಳು. ಆ ಪುಂಡಿ ನಮ್ಮ ತೋಟದಲ್ಲಿ ಬಿಸಿಲಿಗೂ ಜಗ್ಗದೆ ನಿಂತಿತು. ಅವರ ಶೆಡ್ಡುಗಳು ಕಟ್ಟಡ ಮುಗಿದೊಡನೆ ಎದ್ದುಹೋದವು, ಅವಳು ಈಗ ಎಲ್ಲಿದ್ದಾಳೋ ತಿಳಿಯದು. ಬಡಾವಣೆಯ ಸಂಘಕ್ಕೆ ಚಂದಾ ಕಟ್ಟುವವರಿಗಷ್ಟೇ ತೋಟ ಎಂದು ನಿಯಮ ಮಾಡಿದ್ದರೆ ಅವಳು ಒಳಗೆ ಬರುವ ದಾರಿಯೇ ಇರುತ್ತಿರಲಿಲ್ಲ.

ಅವರೆಯ ವಿಷಯದಲ್ಲಿ ಹಿರಿಯರ ಮಾತು ಗೆದ್ದಿತು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಎಚ್‌ಎ-4ರಂಥ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಕಾಯಿ ಬಿಡುತ್ತವೆ. ನಾಟಿ ಅವರೆಗೆ ಚಳಿಗಾಲದ ಚಿಕ್ಕ ಹಗಲೇ ಬೇಕು. ಎರಡನ್ನೂ ಹಾಕಿ ನೋಡಬಹುದಿತ್ತು, ಆದರೆ ಸೊಗಡು ಇರುವುದು ಮಂಜು ಬಿದ್ದ ನಾಟಿ ಅವರೆಯಲ್ಲೇ ಎಂದು ಹಿರಿಯರು ಪಟ್ಟು ಹಿಡಿದರು. ಬೇಲಿಯ ಉದ್ದಕ್ಕೂ ನಾಟಿ ಅವರೆಯೇ ಹಬ್ಬಿದೆ.

ಬೇಲಿಯೆಂದೆ, ಬೀಗದ ಮಾತು ಅಲ್ಲಿಂದಲೇ ಶುರುವಾದದ್ದು. ಬೆಳಗಿನ ವಾಕಿಂಗಿಗೆ ಬರುವ ಅಜ್ಜಿಯರು ಪೂಜೆಗೆಂದು ಹೂವು ಬಿಡಿಸಿಕೊಂಡು ಹೋಗುವುದು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಇರುವಂಥದ್ದೇ. ಅವರನ್ನು ತಡೆಯುವ ಬದಲು ಬೇಲಿಯ ಹೊರಮಗ್ಗುಲಿಗೆ ದಾಸವಾಳ, ನಂದಿಬಟ್ಟಲು, ಸ್ಫಟಿಕದ ಹೂವಿನ ಗಿಡ ಹಾಕಿದೆವು. ಮಕ್ಕಳು ಓಡಾಡುವ ಜಾಗವಾದ್ದರಿಂದ ಕಣಗಿಲೆ ಮಾತ್ರ ಬೇಡವೆಂದೆವು, ಅದು ವಿಷದ ಗಿಡ. ಹೂವಿನ ಸಮಸ್ಯೆ ಹೀಗೆ ಸುಲಭವಾಗಿ ಬಗೆಹರಿಯಿತು. ಕಾಯಿಪಲ್ಯದ್ದು ಬಗೆಹರಿಯಲಿಲ್ಲ. ನಾವೇ ಮಾಡಿಕೊಂಡ ನಿಯಮದಂತೆ ಭಾನುವಾರ ಬೆಳಿಗ್ಗೆ ಕೊಯ್ದದ್ದನ್ನೆಲ್ಲ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಹರಡಿಡುತ್ತೇವೆ, ಬಂದವರು ಒಂದು ಹೊತ್ತಿನ ಸಾರಿಗೆ ಬೇಕಾದಷ್ಟು ತೆಗೆದುಕೊಳ್ಳುತ್ತಾರೆ, ದುಡಿದವರಿಗೆ ಮೊದಲ ಪಾಲು ಎಂಬುದಿಲ್ಲ. ಆದರೆ ಭಾನುವಾರದವರೆಗೆ ಕಾಯದೆ ಬಲಿಯದ ಹೀರೆಕಾಯಿ ಕಿತ್ತವರಿದ್ದರು, ಬದನೆಯ ಗಿಡವನ್ನು ಬುಡಸಮೇತ ಎತ್ತಿಕೊಂಡು ಹೋದವರಿದ್ದರು.

ಮಳೆಗಾಲದಲ್ಲಿ ಬೆಳಗಿನ ಜಾವ ಟಾರ್ಚು ಹಿಡಿದು ಬಂದು, ಹಸಿ ಗೋಣಿತಾಟಿನಡಿ ಸೇರಿದ ಆಫ್ರಿಕನ್ ಬಸವನಹುಳುಗಳನ್ನು ಒಂದೊಂದಾಗಿ ಆಯ್ದು ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಸಸಿ ಉಳಿಸಿಕೊಂಡವರಿಗೆ, ಅದೇ ಗಿಡದ ಕಾಯಿ ಯಾರದೋ ಚೀಲ ಸೇರುವುದನ್ನು ನೋಡುವುದು ಸಂಕಟವೇ. ನಮ್ಮ ಗುಂಪಿನಲ್ಲಿ ಬಹಳ ಶ್ರದ್ಧೆಯಿಂದ ದುಡಿದ ಕೆಲವರು ಗೇಟಿಗೆ ಬೀಗ ಹಾಕೋಣವೆಂದರು, ಹಾಕದಿದ್ದಾಗ ಬರುವುದನ್ನು ನಿಲ್ಲಿಸಿದರು. ಅವರದು ಅನ್ಯಾಯದ ಮಾತಾಗಿರಲಿಲ್ಲ. ಬೆವರು ಸುರಿಸಿದವನಿಗೆ ಹಕ್ಕಿದೆ ಎಂಬುದು ನಾವೆಲ್ಲ ಒಪ್ಪುವ ನ್ಯಾಯವೇ. ಆದರೆ ಆ ನ್ಯಾಯ ಸ್ವಂತ ಹಿತ್ತಿಲಿನದು. ಸಾರ್ವಜನಿಕ ಜಾಗದಲ್ಲಿ ಬೆವರು ಹಕ್ಕಾಗಿ ಮಾರ್ಪಟ್ಟ ದಿನ, ಸಭೆಯಲ್ಲಿ ಎದ್ದು ನಿಂತ ಹಿರಿಯರ ಭಯ ನಿಜವಾಗುತ್ತದೆ. ಬೀಗ ಹಾಕಿದ ತೋಟಕ್ಕೂ ಗುಡಿ ಕಟ್ಟಿದ ಪಾರ್ಕಿಗೂ ಆಗ ವ್ಯತ್ಯಾಸ ಉಳಿಯುವುದಿಲ್ಲ.

ಈ ಜಿಜ್ಞಾಸೆಯಲ್ಲಿದ್ದಾಗ ನಾನು ಹೆಚ್ಚು ಓದಿದ್ದು ನ್ಯೂಯಾರ್ಕಿನ ತೋಟಗಳ ಬಗ್ಗೆ, ಏಕೆಂದರೆ ಅಲ್ಲಿ ಇದೇ ಪ್ರಶ್ನೆ ಅರ್ಧ ಶತಮಾನದಿಂದ ನಡೆದಿದೆ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಅವರ ಗೆಳೆಯರು ಬವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಕೂಡುವ ಮೂಲೆಯ ಕಸದ ಜಾಗವನ್ನು ಹಸನು ಮಾಡಿ ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಕೊಟ್ಟಿತು. 1978ರಲ್ಲಿ ಇಂಥ ತೋಟಗಳಿಗೆಂದೇ ಗ್ರೀನ್‌ಥಂಬ್ ಎಂಬ ಸರ್ಕಾರಿ ಕಾರ್ಯಕ್ರಮ ಬಂತು. ಆದರೆ ಜಾಗದ ಬೆಲೆ ಏರಿದ ಮೇಲೆ, 1999ರಲ್ಲಿ, ಮೇಯರ್ ರೂಡಿ ಜೂಲಿಯಾನಿಯವರ ಆಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಹರಾಜಿನ ಹಿಂದಿನ ದಿನಗಳಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಸುಮಾರು 42 ಲಕ್ಷ ಡಾಲರ್ ಕೊಟ್ಟು ಅವನ್ನು ಕೊಂಡು ಉಳಿಸಿದವು; 2002ರ ಒಪ್ಪಂದದಿಂದ ಇನ್ನೂ ನೂರಾರು ತೋಟಗಳಿಗೆ ರಕ್ಷಣೆ ಸಿಕ್ಕಿತು. ಇವತ್ತು ಗ್ರೀನ್‌ಥಂಬ್ ಅಡಿಯಲ್ಲಿ ಐನೂರಕ್ಕೂ ಹೆಚ್ಚು ತೋಟಗಳಿವೆ, ಮತ್ತು ಅವುಗಳಿಗೆ ಕೊಡುವ ಪರವಾನಗಿಯ ಮುಖ್ಯ ಷರತ್ತುಗಳಲ್ಲೊಂದು, ಹಂಗಾಮಿನಲ್ಲಿ ವಾರಕ್ಕೆ ಇಷ್ಟು ಗಂಟೆ ಗೇಟು ಸಾರ್ವಜನಿಕರಿಗೆ ತೆರೆದಿರಲೇಬೇಕು ಎಂಬುದು. ಅಲ್ಲಿ ಹಲವು ತೋಟಗಳಿಗೆ ಬೀಗವಿದೆ, ಸದಸ್ಯರಿಗೆ ಸ್ವಂತ ಮಡಿಗಳಿವೆ. ಆ ನಗರದ ರೀತಿ ಅದು. ಹಾಗಿದ್ದೂ ತೆರೆದ ಗೇಟಿನ ಷರತ್ತನ್ನು ಬಿಡಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡಿತು.

ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ, ನಮ್ಮ ಅನುಮತಿ ಪತ್ರವನ್ನು ಹೊಸದಾಗಿ ಕೇಳಬೇಕಾಗಿದೆ. ಈ ಸಲದ ಅರ್ಜಿಯಲ್ಲಿ ನಿವಾಸಿಗಳ ಸಂಘದ ಹೆಸರನ್ನು ತೆಗೆದು, ಅನುಮತಿಯನ್ನು ವಾರ್ಡ್ ಸಮಿತಿಯ ಹೆಸರಿಗೆ ಕೊಡಿ ಎಂದು ಬರೆದಿದ್ದೇವೆ. ಸಂಘದ ಪದಾಧಿಕಾರಿಗಳು ಬದಲಾದಾಗ ತೋಟ ಯಾರದೋ ಬಣದ ಸೊತ್ತಾಗಬಾರದು ಎಂಬುದಷ್ಟೇ ಅದರ ಉದ್ದೇಶ. ಗೇಟಿಗೆ ಬೀಗ ಹಾಕಿದರೆ ಅನುಮತಿ ತಾನಾಗಿಯೇ ರದ್ದಾಗಬೇಕೆಂಬ ಷರತ್ತನ್ನು ನಾವಾಗಿಯೇ ಸೇರಿಸಿಕೊಂಡಿದ್ದೇವೆ. ನಮಗಾಗಿ ಕೇಳಿಕೊಂಡಿರುವುದು ಒಂದೇ: ಪಾಲಿಕೆಗೆ ಆ ಜಾಗ ಬೇರೆ ಕೆಲಸಕ್ಕೆ ಬೇಕಾದರೆ ಒಂದು ಹಂಗಾಮು ಮುಂಚೆ ತಿಳಿಸಬೇಕು, ಮತ್ತು ಮಡಿಗಳಲ್ಲಿ ಈಗ ತಯಾರಾಗಿರುವ ಮಣ್ಣನ್ನು ವಾರ್ಡಿನ ಇನ್ನೊಂದು ಪಾರ್ಕಿಗೆ ಸಾಗಿಸಿಕೊಳ್ಳಲು ಬಿಡಬೇಕು.